ಕೈಯಳತೆ

ಆರನೇ ತರಗತಿಯ ಕಿಟಕಿಯಲ್ಲಿ ಒಂದು ಹಾರ್ಲಿಕ್ಸ್ ಡಬ್ಬ.
ಮುಚ್ಚಳಕ್ಕೆ ಕಂಪಾಸಿನ ಮೊನೆಯಿಂದ ಕೊರೆದ ಸೀಳು.
ಜೂನಿನಿಂದ ಅದರೊಳಗೆ ಬಿದ್ದದ್ದು:
ಐಸ್‌ಕ್ಯಾಂಡಿಗೆ ಹೋಗದೆ ಉಳಿದ ಎರಡು ರೂಪಾಯಿ,
ಬಸ್ಸು ಬಿಟ್ಟು ನಡೆದು ಬಂದದ್ದರ ಐದು,
ಜ್ವರ ಬಿಟ್ಟ ದಿನ ಅಜ್ಜಿ ನಿವಾಳಿಸಿದ ನಾಣ್ಯ,
ಮತ್ತೆ, ಒಂದು ಬಿಳಿಯ ಅಂಗಿ ಗುಂಡಿ.
ಯಾರದೆಂದು ನಾನು ಕೇಳಲಿಲ್ಲ.

ದಸರಾ ರಜೆಗೆ ಮುಂಚೆ ಎಣಿಸಿದೆವು.
ಸಾವಿರದ ನೂರ ನಲವತ್ತು.
ಆಶ್ರಮಕ್ಕೆ ಬಾಳೆಹಣ್ಣು ಎಂದರು ಹೆಡ್‌ಮಾಸ್ಟರು,
ಪ್ರತಿ ವರ್ಷದ ಹಾಗೆ.
ಹಿಂದಿನ ಬೆಂಚಿನ ಉಮೈಮಾ ಎದ್ದು ನಿಂತಳು:
"ಮಿಸ್, ನಮ್ಮ ಬೀದಿ ಗುಡಿಸೋರು
ಬರಿಗೈಯಲ್ಲಿ ಗಾಜು ಎತ್ತುತಾರೆ."
ಕೈಗವಸು! ಎಂದಿತು ಇಡೀ ತರಗತಿ,
ಒಬ್ಬನನ್ನು ಬಿಟ್ಟು.
ಆವತ್ತು ನನಗದು ಕಾಣಲಿಲ್ಲ.

ಸಂತೆಪೇಟೆ. ಹಗ್ಗ, ಜರಡಿ, ನೇತುಬಿಟ್ಟ ಬಕೆಟ್ಟುಗಳ ನಡುವೆ
ಇನಾಯತ್ ಸಾಹೇಬರ ಅಂಗಡಿ.
"ಸೈಜು ಯಾವುದು?"
ಮಕ್ಕಳು ಮುಖ ಮುಖ ನೋಡಿಕೊಂಡು
ತಂತಮ್ಮ ಕೈಯನ್ನೇ ಚಾಚಿದರು.
ಕಿತ್ತಳೆ ಬಣ್ಣದ ರಬ್ಬರಿನೊಳಗೆ
ಬೆರಳುಗಳು ಮೀನುಮರಿಗಳ ಹಾಗೆ ನುಗ್ಗಿದವು.
ರಾಚುವೂ ಹಾಕಿಕೊಂಡು ನೋಡಿದ.
ಸರಿಯಾಗಿದೆ, ಎಂದ.
ಹದಿನೆಂಟು ಜೊತೆ.
ಮಿಕ್ಕ ಅರವತ್ತಕ್ಕೆ ಮಿರುಗುವ ಕಾಗದ.

ಶನಿವಾರ ಅವರು ಬಂದರು,
ಬೇಡವೆಂದರೂ ಚಪ್ಪಲಿ ಗೇಟಿನಾಚೆ ಬಿಟ್ಟು.
ಕೊರಳಲ್ಲಿ ಸೀಟಿ, ಸೀರೆಯ ಮೇಲೆ ಹಸಿರು ಕೋಟು.
ಸಣ್ಣತಾಯಮ್ಮ ಕಾಗದವನ್ನು ಹರಿಯದೆ ಬಿಡಿಸಿ
ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.
ಹೆಬ್ಬೆರಳು ಹೋಯಿತು.
ಉಳಿದ ನಾಲ್ಕು ಗೆಣ್ಣಿನಲ್ಲಿ ನಿಂತವು.
ಜಗ್ಗಿದಳು. ಉಗುರಿನ ತುದಿ ಬೆಳ್ಳಗಾಯಿತು.
ಪಕ್ಕದವಳಿಗೂ ಹಾಗೆಯೇ, ಅದರಾಚೆಯವಳಿಗೂ.
"ಬುಡ್ರವ್ವ," ಎಂದು ನಕ್ಕಳು,
"ನಮ್ ಕೈಯೇ ಹಿಂಗೆ, ಮೊರದಗಲ."
ಸುಮ್ಮನೆ ಎತ್ತಿ ಹಿಡೀರಿ ಸಾಕು, ಎಂದರು
ಮೊಬೈಲು ಹಿಡಿದ ಡ್ರಾಯಿಂಗ್ ಮೇಷ್ಟ್ರು.
ಎತ್ತಿ ಹಿಡಿದರು.

ಹೊರಡುವಾಗ ಮಕ್ಕಳ ಸಾಲಿನುದ್ದಕ್ಕೂ ಬಂದಳು.
"ನಿನ್ ಹೆಸ್ರೇನವ್ವ?" ಉಮೈಮಾ.
"ನಿಂದು?" ಭುವನ್.
ರಾಚುವಿನ ಮುಂದೆ ನಿಂತು,
"ನಿನ್ ಹೆಸ್ರೇನಪ್ಪ?"
ಅದೇ ದನಿ. ಒಂದೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.
ಅವನು ನೆಲ ನೋಡುತ್ತ ಹೇಳಿದ.
"ಒಳ್ಳೆ ಹೆಸ್ರು," ಎಂದು ಮುಂದೆ ನಡೆದಳು.

ದಾಖಲಾತಿ ಪುಸ್ತಕದಲ್ಲಿ
ತಾಯಿಯ ಹೆಸರಿನ ಕಾಲಂ ತುಂಬಿದ್ದು ನಾನೇ,
ನನ್ನದೇ ದುಂಡಗಿನ ಅಕ್ಷರದಲ್ಲಿ.
ಆ ರಾತ್ರಿ ಅದು ನೆನಪಾಯಿತು.

ಸೋಮವಾರ ಮತ್ತೆ ಸಂತೆಪೇಟೆ.
ಬಿಚ್ಚಿದ ಮಾಲು ವಾಪಸಿಲ್ಲ, ಎಂದರು ಸಾಹೇಬರು.
ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
ಹನ್ನೆರಡು ಜೊತೆ ಬದಲಿಸಿ ಕೊಡ್ತೀನಿ,
ಜೊತೆಗೆ ಇಪ್ಪತ್ತು ಮೇಲೆ ಬೀಳುತ್ತೆ.
ನನ್ನ ಪರ್ಸಿನ ಜಿಪ್ಪು ಎಂದಿನಂತೆ ಸಿಕ್ಕಿಕೊಂಡಿತು.
"ಈಗಲಾದರೂ ಸೈಜು ಗೊತ್ತೇನ್ರಪ್ಪ?"

ರಾಚು ಚಡ್ಡಿ ಜೇಬಿನಿಂದ ತೆಗೆದದ್ದು
ಹೂ ಕಟ್ಟುವ ದಾರ. ಎರಡು ಗಂಟು.
ಇಲ್ಲಿಗೆ ನಡುಬೆರಳು. ಇಲ್ಲಿಗೆ ಅಂಗೈ ಸುತ್ತಳತೆ.
"ಮಲಗಿದ್ದಾಗ ಅಳೆದೆ."
"ಯಾರ ಕೈಯೋ ಇದು?"
ಹೊರಗೆ ಈರುಳ್ಳಿ ಮೂಟೆಯ ಗಾಡಿಯೊಂದು ರಿವರ್ಸ್ ಬರುತ್ತ
ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು.
ಅದು ನಿಲ್ಲುವವರೆಗೆ ಅವನು ಕಾದ.
"ನಮ್ಮವ್ವಂದು."
ದಾರ ಕೌಂಟರಿನ ಮೇಲೆ ಸುರುಳಿಗೊಳ್ಳುತ್ತಿತ್ತು.
ಭುವನ್ ಏನೂ ಹೇಳದೆ
ಇನ್ನೊಂದು ತುದಿ ಒತ್ತಿ ಹಿಡಿದ.

ಉಳಿದ ಆರು ಜೊತೆ ಸಣ್ಣವು ತರಗತಿಯ ಮೊಳೆಗಳಲ್ಲಿವೆ.
ಶನಿವಾರ ಸೀಟಿ ಕೇಳಿದ ಕೂಡಲೆ ಅವಕ್ಕಾಗಿ ಜಗಳ.
ಹಾಕಿಕೊಂಡವರು ಗಾಡಿಯ ಹಿಂದೆ ಓಡುತ್ತಾರೆ,
ಹಸಿ ಕಸ ಒಣ ಕಸ ಬೆರೆಸಿ ಬೈಸಿಕೊಳ್ಳುತ್ತಾರೆ,
"ಅಯ್ ಮಕ್ಳಾ, ಎಷ್ಟ್ ಸಲ ಹೇಳ್ಬೇಕು!"
ಆ ಬೈಗುಳದಲ್ಲಿ ರಾಚುವಿನ ಪಾಲು
ಈಗ ಒಂದೆರಡು ಮಾತು ಹೆಚ್ಚೇ.

ಡಬ್ಬ ಮತ್ತೆ ಕಿಟಕಿಯಲ್ಲಿದೆ.
ಅಲ್ಲಾಡಿಸಿದರೆ ಗುಂಡಿಯ ಸದ್ದು.
ಅದನ್ನು ಯಾರೂ ತೆಗೆದಿಲ್ಲ.